ಲಾಗ್ ನೋಡಿ ಹೆಸರು ಬರೆದುಕೊಡುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹೋದ್ಯೋಗಿಗಳೇ,

ನಿಮ್ಮಲ್ಲಿ ಕೆಲವರು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತು, ದೂರದ ದೇಶಗಳ ಇಂಟರ್‌ನೆಟ್ ಕಂಪನಿಗಳಿಗೆ ಬರುವ ದೂರುಗಳನ್ನು ವಿಲೇವಾರಿ ಮಾಡುತ್ತೀರಿ. ಕೆಲವರು ಅಮೆರಿಕದ ವಿಶ್ವವಿದ್ಯಾಲಯಗಳ ನೆಟ್‌ವರ್ಕ್ ವಿಭಾಗದಲ್ಲಿದ್ದೀರಿ. ಇನ್ನು ಕೆಲವರು ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಮನೆಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ಸಣ್ಣ ಸಂಸ್ಥೆಗಳಲ್ಲಿ ಕೇಬಲ್ ಎಳೆಸುವುದರಿಂದ ಹಿಡಿದು ಲಾಗ್ ಕಾಯುವ ತನಕ ಎಲ್ಲವನ್ನೂ ಒಬ್ಬರೇ ಮಾಡುತ್ತೀರಿ. ನಮ್ಮೆಲ್ಲರ ಕೆಲಸದಲ್ಲೂ ಒಂದು ಗಳಿಗೆ ಒಂದೇ ಥರ ಇರುತ್ತದೆ. ಒಂದು ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಅಂಕಿ), ಒಂದು ದಿನಾಂಕ, ಒಂದು ಸಮಯ ಬರೆದ ಕಾಗದ ಮೇಜಿಗೆ ಬರುತ್ತದೆ. ಯಾವ ವಿಳಾಸ ಯಾವ ಹೊತ್ತಿನಲ್ಲಿ ಯಾರಿಗೆ ಸಿಕ್ಕಿತ್ತೆಂದು ಯಂತ್ರ ಬರೆದಿಟ್ಟ ದಾಖಲೆಯನ್ನು, ಅಂದರೆ ಲಾಗ್ ಅನ್ನು, ನಾವು ತೆರೆದು ನೋಡುತ್ತೇವೆ. ಒಂದು ಹೆಸರು ಬರೆದು ಕಳುಹಿಸುತ್ತೇವೆ. ಹೆಚ್ಚೆಂದರೆ ಐದು ನಿಮಿಷ.

ಆ ಐದು ನಿಮಿಷದ ಬಗ್ಗೆ ನಿಮ್ಮೊಂದಿಗೆ ಮಾತನಾಡಲು ಈ ಪತ್ರ ಬರೆಯುತ್ತಿದ್ದೇನೆ. 2007ರ ವಸಂತದಲ್ಲಿ ಇಂಥದೇ ಐದು ನಿಮಿಷದಲ್ಲಿ ನಾನು ಒಬ್ಬಳು ಹುಡುಗಿಯ ಹೆಸರನ್ನು ತಪ್ಪಾಗಿ ಬರೆದುಕೊಟ್ಟೆ.

ಆಗ ನಾನು ಅಮೆರಿಕದ ಪೂರ್ವ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದೆ. ವಾರಕ್ಕೆ ಇಪ್ಪತ್ತು ಗಂಟೆ ನೆಟ್‌ವರ್ಕ್ ಕಚೇರಿಯಲ್ಲಿ ಕೆಲಸ. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹುಡುಗಿ ಯಾರೆಂದು ಗುರುತು ಹಿಡಿಯುವವರು ಇದ್ದಾರೆ. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಒಕ್ಕೂಟವಾದ ಆರ್‌ಐಎಎ ಹೊಸದೊಂದು ಕ್ರಮವನ್ನು ಶುರು ಮಾಡಿತ್ತು. ಹಾಡುಗಳನ್ನು ಅಕ್ರಮವಾಗಿ ಹಂಚಿಕೊಳ್ಳುತ್ತಿದ್ದಾರೆಂದು ತಾನು ಸಂಶಯಿಸಿದ ವಿದ್ಯಾರ್ಥಿಗಳಿಗೆ ದಾವೆ ಹೂಡುವ ಮೊದಲೇ ಪತ್ರ ಕಳುಹಿಸಿ, ಈಗಲೇ ರಾಜಿಯಾದರೆ ಕಡಿಮೆ ಹಣಕ್ಕೆ ಮುಗಿಸುತ್ತೇವೆ ಎನ್ನುವುದು. ಮೊದಲ ಕಂತಿನಲ್ಲಿ 13 ವಿಶ್ವವಿದ್ಯಾಲಯಗಳಿಗೆ 400 ಪತ್ರಗಳು ಹೋದವು. ಪತ್ರದಲ್ಲಿ ಹೆಸರು ಇರುತ್ತಿರಲಿಲ್ಲ. ಐಪಿ ವಿಳಾಸ ಮತ್ತು ಸಮಯ ಮಾತ್ರ. ಅದು ಯಾರದೆಂದು ಕಂಡುಹಿಡಿದು ಅವರಿಗೆ ಪತ್ರ ತಲುಪಿಸಿ ಎಂಬುದು ವಿಶ್ವವಿದ್ಯಾಲಯಕ್ಕೆ ಮಾಡಿದ ಕೋರಿಕೆ. ರಾಜಿಯ ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಲು ಅವರೇ ಒಂದು ಜಾಲತಾಣ ಮಾಡಿಟ್ಟಿದ್ದರು.

ನಮ್ಮಲ್ಲಿಗೂ ಒಂದು ಕಟ್ಟು ಬಂದಿತು. ಲಾಗ್ ನೋಡುವ ಕೆಲಸ ನನ್ನ ಪಾಲಿಗೆ ಬಿತ್ತು. ಒಂದು ಪತ್ರದಲ್ಲಿದ್ದುದು ಮಾರ್ಚ್ ತಿಂಗಳ ನಡುವಿನ ಒಂದು ರಾತ್ರಿ, ಒಂಬತ್ತೂ ಮುಕ್ಕಾಲರ ಸುಮಾರು. ಆ ವಿಳಾಸವನ್ನು ಆ ಹೊತ್ತಿಗೆ ಪಡೆದಿದ್ದ ಲ್ಯಾಪ್‌ಟಾಪ್ ದಾವಣಗೆರೆ ಕಡೆಯಿಂದ ಬಂದಿದ್ದ ಮೊದಲ ವರ್ಷದ ಹುಡುಗಿಯದೆಂದು ನಮ್ಮ ಲಾಗ್ ಹೇಳಿತು. ನನಗೆ ಅವಳ ಪರಿಚಯವಿತ್ತು. ಯುಗಾದಿಗೆ ನಾಲ್ಕಾರು ಕನ್ನಡದ ವಿದ್ಯಾರ್ಥಿಗಳು ಸೇರಿ ಅಡುಗೆ ಮಾಡಿದಾಗ ಹೋಳಿಗೆ ತಟ್ಟಿದ್ದವಳು ಅವಳೇ. ಪರಿಚಯವಿದೆಯೆಂದು ಲಾಗ್ ಬದಲಾಗುವುದಿಲ್ಲ ಎಂದುಕೊಂಡು ಹೆಸರನ್ನು ಬರೆದೆ. ನಿಷ್ಪಕ್ಷಪಾತವಾಗಿ ಕೆಲಸ ಮಾಡಿದೆನೆಂಬ ತೃಪ್ತಿಯೂ ಇತ್ತು.

ವಾರದೊಳಗೆ ಅವಳು ನನ್ನ ಹತ್ತಿರವೇ ಬಂದಳು. "ಅಣ್ಣಾ, ನಾನು ಇದ್ಯಾವುದನ್ನೂ ಮಾಡಿಲ್ಲ. ಈ ಹಾಡುಗಾರರ ಹೆಸರನ್ನೂ ಕೇಳಿಲ್ಲ. ಆದರೆ ನ್ಯಾಯಾಲಯಕ್ಕೆ ಹೋದರೆ ವೀಸಾಕ್ಕೆ ಏನಾಗುತ್ತದೋ" ಎಂದಳು. ವಕೀಲರನ್ನು ಕೇಳು ಎಂದೆ. ವಕೀಲರ ಶುಲ್ಕ ಕೇಳಿ ಬಂದವಳು ಮರುದಿನವೇ 3,000 ಡಾಲರ್ ಕಟ್ಟಿದಳು. ಅರ್ಧ ಊರಿನಿಂದ ಅಪ್ಪ ಕಳುಹಿಸಿದ್ದು, ಅರ್ಧ ಸಾಲ. ಅವಳು ಸುಳ್ಳು ಹೇಳುತ್ತಿರಬಹುದೆಂದೇ ನಾನು ಆಗ ಅಂದುಕೊಂಡಿದ್ದೆ. ಲಾಗ್ ಇದೆಯಲ್ಲ.

ನನ್ನ ತಪ್ಪು ಏನೆಂದು ಹೇಳುವ ಮೊದಲು, ಈ ದಾವೆಗಳು ಯಾವ ನೆಲದ ಮೇಲೆ ನಿಂತಿದ್ದವೆಂದು ಹೇಳಬೇಕು. ನಮ್ಮಲ್ಲಿ ಕಿರಿಯರು ಅದನ್ನು ಕಂಡಿಲ್ಲ.

2003ರ ಸೆಪ್ಟೆಂಬರ್ 8ರಂದು ಆರ್‌ಐಎಎ ಸದಸ್ಯ ಕಂಪನಿಗಳು ಒಂದೇ ದಿನ 261 ಜನರ ಮೇಲೆ ದಾವೆ ಹೂಡಿದವು. ಮೊದಲ ಸುತ್ತಿನಲ್ಲೇ ನ್ಯೂಯಾರ್ಕಿನ 12 ವರ್ಷದ ಬಾಲಕಿಯೊಬ್ಬಳು ಸಿಕ್ಕಿಬಿದ್ದಳು; ಅವಳ ತಾಯಿ 2,000 ಡಾಲರ್ ಕೊಟ್ಟು ಬಿಡಿಸಿಕೊಂಡರು. 2008ರ ಡಿಸೆಂಬರಿನಲ್ಲಿ ಈ ಅಭಿಯಾನವನ್ನು ನಿಲ್ಲಿಸುವುದಾಗಿ ಒಕ್ಕೂಟ ಹೇಳುವ ಹೊತ್ತಿಗೆ 30,000ಕ್ಕೂ ಹೆಚ್ಚು ಜನರು ಇದರ ಬಲೆಯೊಳಗೆ ಬಂದುಹೋಗಿದ್ದರು. ಇಷ್ಟೂ ಜನರ ಮೇಲಿನ ಪುರಾವೆಯ ತಿರುಳು ಒಂದೇ. ಮೀಡಿಯಾಸೆಂಟ್ರಿ ಎಂಬ ತನಿಖಾ ಸಂಸ್ಥೆ, ಬಳಕೆದಾರರು ತಮ್ಮ ತಮ್ಮಲ್ಲಿ ಹಾಡು ಹಂಚಿಕೊಳ್ಳುತ್ತಿದ್ದ ಕಾಜಾ ಮುಂತಾದ ಜಾಲಗಳಿಗೆ ಸಾಮಾನ್ಯ ಬಳಕೆದಾರನಂತೆ ಪ್ರವೇಶಿಸುತ್ತಿತ್ತು. ಯಾವುದೋ ಕಂಪ್ಯೂಟರಿನ ಹಂಚಿಕೆಯ ಫೋಲ್ಡರ್ ಕಂಡರೆ ಅದರ ಸ್ಕ್ರೀನ್‌ಶಾಟ್ ತೆಗೆಯುತ್ತಿತ್ತು. ಕೆಲವು ಹಾಡುಗಳನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಐಪಿ ವಿಳಾಸ ಮತ್ತು ಸಮಯ ಬರೆದಿಟ್ಟುಕೊಳ್ಳುತ್ತಿತ್ತು. ಆಮೇಲೆ, 2004ರಿಂದ ಈಚೆಗೆ, ಹೆಸರು ಗೊತ್ತಿಲ್ಲದ 'ಜಾನ್ ಡೋ' ಎಂಬ ಪ್ರತಿವಾದಿಯ ಮೇಲೆ ದಾವೆ. ಎದುರು ಪಕ್ಷದವರೇ ಇಲ್ಲದ ವಿಚಾರಣೆಯಲ್ಲಿ ಮಾಹಿತಿ ಕೊಡಿಸುವ ಆದೇಶ. ಆ ಆದೇಶ ಇಂಟರ್‌ನೆಟ್ ಕಂಪನಿಯ ಯಾರೋ ಒಬ್ಬರ ಮೇಜಿಗೆ. ಅಂದರೆ ನಮ್ಮ ಮೇಜಿಗೆ.

ಈ ಸರಪಳಿಯಲ್ಲಿ ಮನುಷ್ಯ ಎಲ್ಲಿ ಬಂದ ಎಂದು ನೋಡಿ. ಸ್ಕ್ರೀನ್‌ಶಾಟ್ ತೆಗೆದವನಿಗೆ ಮನುಷ್ಯ ಕಂಡಿಲ್ಲ. ದಾವೆ ಬರೆದ ವಕೀಲರಿಗೆ ಕಂಡಿಲ್ಲ. ಆದೇಶ ಕೊಟ್ಟ ನ್ಯಾಯಾಧೀಶರಿಗೂ ಕಂಡಿಲ್ಲ. ಇಡೀ ಮೊಕದ್ದಮೆಯಲ್ಲಿ ಮನುಷ್ಯನೊಬ್ಬ ಮೊದಲ ಬಾರಿಗೆ ಹುಟ್ಟುವುದು ನಾವು ಹೆಸರು ಬರೆದಾಗ. ಆ ಕ್ಷಣದ ತನಕ ಅದು ಒಂದು ಅಂಕಿ.

ಫೋಲ್ಡರಿನಲ್ಲಿ ಕಂಡ ಹೆಸರುಗಳಾದರೂ ಗಟ್ಟಿ ಪುರಾವೆಯೇ? ಕಡತದ ಹೆಸರು ಹಾಡಲ್ಲ. ಆ ದಿನಗಳಲ್ಲಿ ಹಾಡುಗಳ ಹೆಸರಿಟ್ಟ ಹುಸಿ ಕಡತಗಳನ್ನು ಈ ಜಾಲಗಳ ತುಂಬ ಬಿತ್ತುತ್ತಿದ್ದ ಸಂಸ್ಥೆಗಳಿದ್ದವು. ಓವರ್‌ಪಿಯರ್ ಅವುಗಳಲ್ಲಿ ಒಂದು, ಅದಕ್ಕೆ ಕೆಲಸ ಕೊಡುತ್ತಿದ್ದವರು ಸಂಗೀತ ಉದ್ಯಮದವರೇ. ಕಾಜಾ ಬಳಸುತ್ತಿದ್ದ ಹ್ಯಾಶ್ (ಕಡತದಿಂದ ಲೆಕ್ಕಹಾಕಿ ತೆಗೆದ, ಬೆರಳಚ್ಚಿನಂಥ ಗುರುತು) ವಿಧಾನ ಇಡೀ ಕಡತವನ್ನು ಓದುತ್ತಿರಲಿಲ್ಲ, ಅಲ್ಲಲ್ಲಿ ಒಂದೊಂದು ತುಂಡನ್ನು ಮಾತ್ರ ಓದುತ್ತಿತ್ತು. ನಡುವೆ ಕಸ ತುಂಬಿದ್ದರೂ ಹ್ಯಾಶ್ ಅದೇ ಬರುತ್ತಿತ್ತು. ಪೂರ್ತಿ ಇಳಿಸಿ, ಕೇಳಿ ನೋಡಿದ ಕೆಲವೇ ಹಾಡುಗಳ ಬಗ್ಗೆ ತನಿಖೆದಾರ ಖಚಿತವಾಗಿ ಮಾತನಾಡಬಹುದಿತ್ತು. ಉಳಿದ ನೂರಾರು, ಸಾವಿರಾರು ಹೆಸರುಗಳು ದಾವೆಯ ಕಾಗದವನ್ನು ದಪ್ಪ ಮಾಡಿದವು.

ಇನ್ನು ಹೆಸರು ತಪ್ಪಿದ ಪ್ರಸಂಗಗಳು. ಮ್ಯಾಸಚೂಸೆಟ್ಸ್‌ನ ಅರವತ್ತು ದಾಟಿದ ಶಿಲ್ಪಿಯೊಬ್ಬರು ಕಾಜಾದಲ್ಲಿ ರ‍್ಯಾಪ್ ಹಾಡುಗಳನ್ನು ಹಂಚಿದರೆಂದು 2003ರ ಮೊದಲ ಕಂತಿನಲ್ಲೇ ದಾವೆ ಬಿತ್ತು. ಅವರ ಮನೆಯಲ್ಲಿದ್ದುದು ಮ್ಯಾಕಿಂಟಾಷ್. ಕಾಜಾ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುತ್ತಿರಲಿಲ್ಲ. ದಾವೆಯನ್ನು ಹಿಂತೆಗೆದುಕೊಂಡರು, ಆದರೆ ಮತ್ತೆ ಹೂಡುವ ಹಕ್ಕನ್ನು ಕಾಯ್ದಿರಿಸಿಕೊಂಡೇ. 2005ರಲ್ಲಿ ವೆಸ್ಟ್ ವರ್ಜೀನಿಯದ 83 ವರ್ಷದ ವೃದ್ಧೆಯೊಬ್ಬರ ಮೇಲೆ ದಾವೆ ಹೂಡಿದಾಗ ಅವರು ತೀರಿಕೊಂಡು ಆಗಲೇ ವಾರಗಳು ಕಳೆದಿದ್ದವು. ಅಮ್ಮನಿಗೆ ಕಂಪ್ಯೂಟರ್ ಕಂಡರೇ ಆಗುತ್ತಿರಲಿಲ್ಲ ಎಂದು ಮಗಳು ಪತ್ರಿಕೆಗಳಿಗೆ ಹೇಳಿದರು. 2006ರಲ್ಲಿ ಮಿಷಿಗನ್‌ನ ಪ್ರತಿವಾದಿಯೊಬ್ಬರು ದಾವೆ ನಡೆಯುತ್ತಿರುವಾಗಲೇ ಸತ್ತರು. ಕುಟುಂಬ ಶೋಕ ಕಳೆಯಲೆಂದು 60 ದಿನ ಕಾದು, ಬಳಿಕ ಅವರ ಮಕ್ಕಳಿಂದ ಹೇಳಿಕೆ ಪಡೆಯಲು ಅವಕಾಶ ಕೊಡಿ ಎಂದು ಕಂಪನಿಗಳ ವಕೀಲರು ನ್ಯಾಯಾಲಯವನ್ನು ಕೇಳಿಕೊಂಡರು. ಸುದ್ದಿ ಹೊರಬಿದ್ದು ಜನ ಛೀಮಾರಿ ಹಾಕಿದ ಮೇಲೆ ಆ ಮೊಕದ್ದಮೆಯನ್ನು ಕೈಬಿಟ್ಟರು. ನಮ್ಮಲ್ಲಿ ಸತ್ತವರ ಮನೆಯ ಮುಂದೆ ಸಾಲ ಕೊಟ್ಟವನೂ ಹದಿಮೂರು ದಿನ ಸುಳಿಯುವುದಿಲ್ಲ. ಈ 60 ದಿನದ ಲೆಕ್ಕ ಹಾಕಿದವರ ಕಡತದಲ್ಲಿ ಇದ್ದುದು ಒಂದು ಐಪಿ ವಿಳಾಸ.

ಇವು ಹೊರಗೆ ಬಂದ ತಪ್ಪುಗಳು. ಮ್ಯಾಕಿಂಟಾಷ್ ಇತ್ತು, ಸಾವು ಇತ್ತು, ಆದ್ದರಿಂದ ತಪ್ಪು ಕಣ್ಣಿಗೆ ಹೊಡೆಯಿತು. ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡು ಬದುಕಿದ್ದವರು ತಾವು ಮಾಡಿಲ್ಲವೆಂದು ಹೇಗೆ ತೋರಿಸಬೇಕಿತ್ತು?

ತೋರಿಸಲು ಹೋಗಲೇ ಇಲ್ಲ ಬಹುಪಾಲು ಜನ. ಕಾರಣ ಸರಳ ಲೆಕ್ಕ. ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ನಷ್ಟವೆಷ್ಟೆಂದು ಸಾಬೀತು ಮಾಡಬೇಕಾಗಿಲ್ಲ. ಒಂದು ಕೃತಿಗೆ 750ರಿಂದ 30,000 ಡಾಲರ್ ತನಕ, ಬೇಕೆಂದೇ ಮಾಡಿದ್ದಾದರೆ 1,50,000 ಡಾಲರ್ ತನಕ ಪರಿಹಾರ ವಿಧಿಸಬಹುದು. ಆಗ ಐಟ್ಯೂನ್ಸ್‌ನಲ್ಲಿ ಒಂದು ಹಾಡಿನ ಬೆಲೆ 99 ಸೆಂಟ್. ರಾಜಿಗೆ ಕೇಳುತ್ತಿದ್ದುದು ಸಾಮಾನ್ಯವಾಗಿ 3,000ದಿಂದ 5,000 ಡಾಲರ್. ವಕೀಲರನ್ನಿಟ್ಟು ಹೋರಾಡಿದರೆ ಅದರ ಹತ್ತಾರು ಪಟ್ಟು ಖರ್ಚು. ತಪ್ಪು ಮಾಡಿದವನಿಗೂ ಮಾಡದವನಿಗೂ ರಾಜಿಯೇ ಅಗ್ಗ. ಆದ್ದರಿಂದ ಈ ಸಾವಿರಾರು ಪುರಾವೆಗಳು ಪಾಟೀಸವಾಲಿನ ಮುಖವನ್ನೇ ಕಾಣಲಿಲ್ಲ. ನಾವು ಬರೆದುಕೊಟ್ಟ ಹೆಸರೇ ಮೊದಲ ಮಾತು, ಅದೇ ಕೊನೆಯ ಮಾತು.

ಜ್ಯೂರಿಯ ತೀರ್ಪಿನ ತನಕ ಹೋದದ್ದು ಎರಡೇ ಎರಡು. ಮಿನೆಸೋಟದ ಒಬ್ಬ ತಾಯಿಗೆ 24 ಹಾಡುಗಳಿಗಾಗಿ 2007ರಲ್ಲಿ 2,22,000 ಡಾಲರ್; ಹಾಡು ಲಭ್ಯವಾಗುವಂತೆ ಇಟ್ಟಿದ್ದರೆ ಸಾಕು, ಹಂಚಿದಂತೆಯೇ ಎಂದು ಜ್ಯೂರಿಗೆ ತಾನು ಹೇಳಿದ್ದು ತಪ್ಪಾಯಿತೆಂದು ನ್ಯಾಯಾಧೀಶ ಮೈಕೆಲ್ ಡೇವಿಸ್ ಅವರೇ ಆ ತೀರ್ಪನ್ನು ರದ್ದು ಮಾಡಿದರು. 2009ರ ಎರಡನೆಯ ವಿಚಾರಣೆಯಲ್ಲಿ ಮೊತ್ತ 19.2 ಲಕ್ಷ ಡಾಲರ್‌ಗೆ ಏರಿತು, ಅದನ್ನು 54,000ಕ್ಕೆ ಇಳಿಸಿದರು, 2010ರಲ್ಲಿ ಮೂರನೆಯ ಜ್ಯೂರಿ 15 ಲಕ್ಷ ಎಂದಿತು, ಕೊನೆಗೆ 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ 2,22,000ಕ್ಕೇ ತಂದು ನಿಲ್ಲಿಸಿತು. ಬಾಸ್ಟನ್ನಿನ ವಿದ್ಯಾರ್ಥಿಯೊಬ್ಬನಿಗೆ 30 ಹಾಡುಗಳಿಗೆ 6,75,000 ಡಾಲರ್. ಈ ಎರಡರಲ್ಲೂ ಐಪಿ ವಿಳಾಸದ ಆಚೆಗೆ ಪುರಾವೆ ಇತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಬಾಸ್ಟನ್ನಿನವನು ತಾನೇ ಮಾಡಿದ್ದೆಂದು ಪ್ರಮಾಣ ಮಾಡಿ ಒಪ್ಪಿಕೊಂಡ. ಮಿನೆಸೋಟದ ಪ್ರಕರಣದಲ್ಲಿ ಆಕೆ ಬೇರೆಡೆ ಬಳಸುತ್ತಿದ್ದ ಹೆಸರೇ ಕಾಜಾದಲ್ಲೂ ಇತ್ತು. ಹಾಡಿದವರ, ಬರೆದವರ, ನುಡಿಸಿದವರ ಕೂಲಿ ಅವರಿಗೆ ಸಿಗಲೇಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಈ ಇಬ್ಬರ ತಪ್ಪು ಉಳಿದ ಮೂವತ್ತು ಸಾವಿರ ಜನರ ಮೇಲೆ ಸಾಕ್ಷಿಯಾಗುವುದಿಲ್ಲ. ಆರೆಗಾನ್‌ನ ಒಬ್ಬ ಅಂಗವಿಕಲ ಒಂಟಿ ತಾಯಿ 2005ರಿಂದ ಹೋರಾಡಿದರು. ಕಂಪನಿಗಳು 2007ರಲ್ಲಿ ದಾವೆ ಕೈಬಿಟ್ಟವು. ಮರುವರ್ಷ ಆಕೆಯ ವಕೀಲರ ಖರ್ಚಿಗೆಂದು ಒಂದು ಲಕ್ಷ ಡಾಲರ್ ಮೀರಿದ ಮೊತ್ತವನ್ನು ಕಂಪನಿಗಳು ಕೊಡಬೇಕೆಂದು ನ್ಯಾಯಾಲಯ ಹೇಳಿತು. ತಾನು ಮಾಡಿಲ್ಲ ಎಂದು ಹೇಳಿಕೊಳ್ಳುವುದಕ್ಕೆ ಆಗಿದ್ದ ಬೆಲೆ ಅದು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಅಮೆರಿಕದಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಅದು ಶುರುವಾಗುತ್ತಿದ್ದುದು ಏಪ್ರಿಲ್‌ನ ಮೊದಲ ಭಾನುವಾರ, ಮುಗಿಯುತ್ತಿದ್ದುದು ಅಕ್ಟೋಬರಿನ ಕೊನೆಯ ಭಾನುವಾರ. 2005ರ ಇಂಧನ ನೀತಿ ಕಾಯ್ದೆ ಇದನ್ನು ಬದಲಿಸಿತು. 2007ರಿಂದ ಶುರು ಮಾರ್ಚ್ 11ಕ್ಕೆ, ಮುಗಿಯುವುದು ನವೆಂಬರ್ 4ಕ್ಕೆ. ಪ್ರಪಂಚದಾದ್ಯಂತ ಸರ್ವರುಗಳಿಗೆ ಇದರ ತಿದ್ದುಪಡಿ ಹಾಕಬೇಕಾಯಿತು. ನಮ್ಮಲ್ಲಿಯೂ ಹಾಕಿದರು. ನಿಸ್ತಂತು ಜಾಲದ ವಿಳಾಸಗಳನ್ನು ಹಂಚಿ ಲಾಗ್ ಬರೆಯುವ ಒಂದು ಹಳೆಯ ಯಂತ್ರಕ್ಕೆ ಮಾತ್ರ ಹಾಕಿರಲಿಲ್ಲ.

ಅಕ್ಟೋಬರಿನ ಕೊನೆಯ ವಾರ ಬೇರೆ ಯಾವುದೋ ದೋಷ ಹುಡುಕುತ್ತಿದ್ದಾಗ ಎರಡು ಲಾಗ್‌ಗಳ ನಡುವೆ ಸರಿಯಾಗಿ ಒಂದು ಗಂಟೆ ಅಂತರ ಕಂಡಿತು. ಒಂದು ಯಂತ್ರ ಆಗಲೇ ಚಳಿಗಾಲಕ್ಕೆ ಹೋಗಿತ್ತು. ಏಕೆಂದು ತಿಳಿದ ಕೂಡಲೇ ಎದೆ ಧಸಕ್ಕೆಂದಿತು. ಹಾಗಾದರೆ ಮಾರ್ಚ್ 11ರಿಂದ ಏಪ್ರಿಲ್ 1ರ ತನಕವೂ ಇದೇ ಆಗಿರಬೇಕು. ಪತ್ರದಲ್ಲಿದ್ದ ಒಂಬತ್ತೂ ಮುಕ್ಕಾಲನ್ನು ನಾನು ಲಾಗ್‌ನ ಒಂಬತ್ತೂ ಮುಕ್ಕಾಲರಲ್ಲಿ ಹುಡುಕಿದ್ದೆ. ಲಾಗ್‌ನ ಒಂಬತ್ತೂ ಮುಕ್ಕಾಲೆಂದರೆ ನಿಜದ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಗ್ರಂಥಾಲಯದ ಆ ನಿಸ್ತಂತು ಜಾಲದಲ್ಲಿ ವಿಳಾಸದ ಲೀಸ್, ಅಂದರೆ ಅದನ್ನು ಒಂದು ಯಂತ್ರಕ್ಕೆ ಕೊಡುವ ಅವಧಿ, ಅರ್ಧ ಗಂಟೆಯದು. ನಾನು ಹುಡುಕಬೇಕಾಗಿದ್ದ ಹೊತ್ತಿನಲ್ಲಿ ಆ ವಿಳಾಸ ಇನ್ನಾರದೋ ಲ್ಯಾಪ್‌ಟಾಪಿನಲ್ಲಿತ್ತು. ಅವರು ಎದ್ದು ಹೋದ ಮೇಲೆ ಆ ಹುಡುಗಿ ಬಂದು ಕುಳಿತು ಓದಿಕೊಂಡಿದ್ದಾಳೆ, ಅದೇ ವಿಳಾಸ ಅವಳಿಗೆ ಬಂದಿದೆ. ಬಸ್ಸಿನಲ್ಲಿ ಒಬ್ಬರು ಎದ್ದ ಸೀಟಿನಲ್ಲಿ ಇನ್ನೊಬ್ಬರು ಕೂತಂತೆ.

ಮೇಲಧಿಕಾರಿಗೆ ಬರೆದು ತಿಳಿಸಿದೆ. ಪ್ರಕರಣ ಮುಗಿದಿದೆ, ಹಣ ಕಟ್ಟಿದ್ದಾಗಿದೆ, ಈಗ ಯಂತ್ರವನ್ನು ಸರಿಪಡಿಸಿ ಎಂದರು. ಯಂತ್ರವನ್ನು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಅವಳಿಗೆ ಹೇಳಲು ನನಗೆ ಒಂಬತ್ತು ದಿನ ಬೇಕಾಯಿತು. ಊಟದ ಮನೆಯಲ್ಲಿ ಪಾತ್ರೆ ಜೋಡಿಸುವ ಪಾಳಿ ಮುಗಿಸಿ ಬರುತ್ತಿದ್ದಳು. ಸಾಲ ತೀರಿಸಲು ಹಿಡಿದಿದ್ದ ಕೆಲಸ ಅದು. ಎಲ್ಲವನ್ನೂ ಹೇಳಿದೆ, ಹಣದಲ್ಲಿ ಅರ್ಧವನ್ನು ನಾನು ಕೊಡುತ್ತೇನೆಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟೇ: "ಹಣ ಬೇಡ ಅಣ್ಣಾ. ನಾನು ಮಾಡಿಲ್ಲ ಎಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ. ಅಪ್ಪನಿಗೆ ಕಳುಹಿಸಬೇಕು." ಬರೆದುಕೊಟ್ಟೆ. ಕನ್ನಡದಲ್ಲಿ.

ಅದೇ 2007ರ ಆಗಸ್ಟ್ 31ರಂದು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆಯ ಪೊಲೀಸರು ಮನೆಯಿಂದ ಕರೆದೊಯ್ದಿದ್ದರು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಗೆ ಅವಮಾನ ಮಾಡುವ ಚಿತ್ರ ಹಾಕಿದ ಆರೋಪ. ಅದು ಹಾಡಿನ ವಿಷಯವಲ್ಲ, ಹಕ್ಕುಸ್ವಾಮ್ಯದ್ದೂ ಅಲ್ಲ. ಆದರೆ ಕೆಲಸ ನಮ್ಮದೇ. ಪೊಲೀಸರು ಐಪಿ ವಿಳಾಸ ಮತ್ತು ಸಮಯ ಕೊಟ್ಟು ಕೇಳಿದರು, ಇಂಟರ್‌ನೆಟ್ ಸೇವೆಯ ಕಂಪನಿ ಒಂದು ಹೆಸರು ಕೊಟ್ಟಿತು, ಆ ಹೆಸರು ತಪ್ಪಾಗಿತ್ತು. ಆತ 50 ದಿನ ಜೈಲಿನಲ್ಲಿ ಕಳೆದ ಮೇಲೆ ಹೊರಬಂದರು. ಆ ಸುದ್ದಿಯನ್ನು ನಾನು ಓದಿದ್ದು ನಮ್ಮ ಯಂತ್ರದ ಒಂದು ಗಂಟೆ ಸಿಕ್ಕ ದಿನಗಳಲ್ಲೇ. ಆ ದಾವಣಗೆರೆಯ ಹುಡುಗಿಗೆ ಹಣದಲ್ಲಿ ಹೋದದ್ದು ಆತನಿಗೆ ದಿನಗಳಲ್ಲಿ ಹೋಯಿತು.

ಎಲ್ಲರೂ ನನ್ನಂತೆ ಬರೆದುಕೊಡಲಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಬೇರೆ ದಾರಿಯೇ ಇರಲಿಲ್ಲವೆಂದು ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ನ್ಯಾಯಾಧೀಶರ ಪರಿಶೀಲನೆಯೇ ಇಲ್ಲದೆ, ನ್ಯಾಯಾಲಯದ ಗುಮಾಸ್ತರ ಮುದ್ರೆಯ ಮೇಲೆ ಆರ್‌ಐಎಎ ಮೊದಮೊದಲು ಹೆಸರು ಕೇಳುತ್ತಿದ್ದಾಗ ವೆರಿಜಾನ್ ಎಂಬ ಇಂಟರ್‌ನೆಟ್ ಕಂಪನಿ ಕೊಡುವುದಿಲ್ಲವೆಂದು ನ್ಯಾಯಾಲಯಕ್ಕೆ ಹೋಯಿತು. 2003ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದರ ಪರ ತೀರ್ಪು ಕೊಟ್ಟಿತು. 'ಜಾನ್ ಡೋ' ದಾವೆಗಳ ದಾರಿ ಹಿಡಿಯಬೇಕಾಗಿ ಬಂದದ್ದೇ ಆ ಕಾರಣಕ್ಕೆ. ನೆದರ್ಲೆಂಡ್ಸ್‌ನಲ್ಲಿ ಐದು ಇಂಟರ್‌ನೆಟ್ ಕಂಪನಿಗಳು ಹೆಸರು ಕೊಡಲು ನಿರಾಕರಿಸಿದವು. ಇದೇ ಮೀಡಿಯಾಸೆಂಟ್ರಿ ಮಾಹಿತಿ ಕಲೆಹಾಕಿದ ರೀತಿ ತಮ್ಮ ಖಾಸಗಿತನದ ಕಾನೂನಿಗೆ ಒಪ್ಪುವುದಿಲ್ಲ ಎಂದು 2005ರಲ್ಲಿ ಉಟ್ರೆಕ್ಟ್‌ನ ನ್ಯಾಯಾಲಯ ಹೇಳಿತು, ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಮೇಲ್ಮನವಿ ನ್ಯಾಯಾಲಯವೂ ಕಂಪನಿಗಳ ಪರವಾಗಿಯೇ ನಿಂತಿತು.

ಆದರೆ ನನ್ನನ್ನು ಹೆಚ್ಚು ತಟ್ಟಿದ್ದು ಆರೆಗಾನ್ ವಿಶ್ವವಿದ್ಯಾಲಯ. ನಾನು ತಪ್ಪು ಮಾಡಿದ ಅದೇ ವರ್ಷ ಅವರಿಗೂ 17 ಐಪಿ ವಿಳಾಸಗಳ ಪಟ್ಟಿ ಹೋಗಿತ್ತು. ಅವರ ಪರವಾಗಿ ರಾಜ್ಯದ ಅಟಾರ್ನಿ ಜನರಲ್ ಹಾರ್ಡಿ ಮೈಯರ್ಸ್ ಆದೇಶವನ್ನೇ ರದ್ದು ಮಾಡಿ ಎಂದು ಅರ್ಜಿ ಹಾಕಿದರು. ಅದರೊಂದಿಗೆ ವಿಶ್ವವಿದ್ಯಾಲಯದ ಅಧಿಕಾರಿ ಕೊಟ್ಟ ಪ್ರಮಾಣಪತ್ರವನ್ನು ನಾನು ಅದೆಷ್ಟು ಬಾರಿ ಓದಿದ್ದೇನೋ. 17ರಲ್ಲಿ 5 ವಿಳಾಸಗಳು ಇಬ್ಬರು ವಾಸಿಸುವ ಹಾಸ್ಟೆಲ್ ಕೋಣೆಗಳದ್ದು. ಇಬ್ಬರಲ್ಲಿ ಯಾರು ಬಳಸಿದರೆಂದಾಗಲೀ, ಕೋಣೆಗೆ ಬಂದಿದ್ದ ಮೂರನೆಯವರು ಬಳಸಿದರೇ ಎಂದಾಗಲೀ ನಮ್ಮ ದಾಖಲೆಯಿಂದ ತಿಳಿಯುವುದಿಲ್ಲ ಎಂದು ಅದರಲ್ಲಿ ಬರೆದಿದ್ದರು. ನಮ್ಮ ಕೆಲಸ ಮಾಡುವ ಒಬ್ಬ ಮನುಷ್ಯ, ನಮ್ಮಂಥದೇ ಲಾಗ್ ಮುಂದಿಟ್ಟುಕೊಂಡು, ಇದಕ್ಕಿಂತ ಆಚೆ ನನಗೆ ಗೊತ್ತಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ್ದ. ನನಗೆ ಆ ಯೋಚನೆಯೇ ಬಂದಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವುದಷ್ಟೇ ಕೆಲಸವೆಂದು ನಾನು ತಿಳಿದಿದ್ದೆ.

ಪಕ್ಕದ ರಾಜ್ಯದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಪಿಯಾಟೆಕ್, ತಡಯೋಷಿ ಕೋನೋ, ಅರವಿಂದ್ ಕೃಷ್ಣಮೂರ್ತಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ವೃತ್ತಿಯವರೆಲ್ಲ ತಿಳಿದಿರಬೇಕಾದ್ದು. ಕಡತ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಜಾಲದ ಪಟ್ಟಿಯಲ್ಲಿ ತಮ್ಮ ವಿಭಾಗದ ಪ್ರಿಂಟರುಗಳ ವಿಳಾಸಗಳು ಕಾಣಿಸಿಕೊಳ್ಳುವಂತೆ ಅವರು ಮಾಡಿದರು. ಪ್ರಿಂಟರುಗಳ ಮೇಲೆ ಹಕ್ಕುಸ್ವಾಮ್ಯ ಉಲ್ಲಂಘನೆಯ ದೂರು ಬಂತು. ಒಂದು ನಿಸ್ತಂತು ಉಪಕರಣದ ಮೇಲೂ ಬಂತು. ಯಾವ ಕಡತವನ್ನೂ ಇಳಿಸದೆ, ಯಾವುದನ್ನೂ ಹಂಚದೆ ಅವರಿಗೆ ನಾನೂರಕ್ಕೂ ಹೆಚ್ಚು ದೂರುಗಳು ತಲುಪಿದವು. ಅವು ದಾವೆಗಳಲ್ಲ, ದೂರುಗಳು, ನಿಜ. ಆದರೆ ದೂರು ಬಂದ ಕೂಡಲೇ ಸಂಪರ್ಕ ಕಡಿದುಹಾಕುವ ಕಚೇರಿಗಳು ಎಷ್ಟಿವೆಯೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನ್ಯಾಯಾಲಯಗಳು ಈ ಮಾತಿಗೆ ಬರಲು ತಡವಾಯಿತು. ಬಿಲ್ ಕಟ್ಟುವವರೇ ಒಂದು ನಿರ್ದಿಷ್ಟ ದೂರವಾಣಿ ಕರೆ ಮಾಡಿದರೆಂದು ಹೇಗೆ ಹೇಳಲಾಗದೋ, ಇಂಟರ್‌ನೆಟ್ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರೇ ಕಡತ ಇಳಿಸಿದರೆಂದೂ ಹಾಗೆಯೇ ಹೇಳಲಾಗದು ಎಂಬ ಅರ್ಥದಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಗ್ಯಾರಿ ಬ್ರೌನ್ 2012ರಲ್ಲಿ ಬರೆದರು. 2018ರಲ್ಲಿ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಹಲವರು ವಾಸಿಸುವ ಆರೈಕೆ ಮನೆಯೊಂದರ ಇಂಟರ್‌ನೆಟ್ ಚಂದಾದಾರನ ಪ್ರಕರಣದಲ್ಲಿ, ವಿಳಾಸ ಅವನ ಹೆಸರಿನಲ್ಲಿದೆ ಎಂಬಷ್ಟರಿಂದಲೇ ದಾವೆ ನಿಲ್ಲದು ಎಂದಿತು. ಅವೆರಡೂ ಸಿನಿಮಾಗಳ ಪ್ರಕರಣಗಳು. ಹಾಡಿನ ಕಂಪನಿಗಳು ಬಿಟ್ಟುಹೋದ ದಾರಿಯಲ್ಲಿ ಸಿನಿಮಾ ಕಂಪನಿಗಳು ಬಂದವು, ವಯಸ್ಕರ ಚಿತ್ರಗಳನ್ನು ತಯಾರಿಸುವವರಂತೂ ಇಂದಿಗೂ ಅದೇ ದಾರಿಯಲ್ಲಿದ್ದಾರೆ. ಅಂಥ ಪತ್ರ ಬಂದ ಮನೆಯ ಯಜಮಾನ ಮಾನಕ್ಕೆ ಹೆದರಿ ಹಣ ಕಟ್ಟುತ್ತಾನೆ. ಎಚ್‌-1ಬಿ ವೀಸಾದಲ್ಲಿರುವವನು ಇಮ್ಮಡಿ ಹೆದರುತ್ತಾನೆ. ಮನೆಯಲ್ಲಿ ಹೆಂಡತಿ, ಮಕ್ಕಳು, ಊರಿನಿಂದ ಬಂದ ಅತ್ತೆಮಾವ, ನೆಲಮಾಳಿಗೆಯಲ್ಲಿ ಬಾಡಿಗೆಗಿರುವ ಹುಡುಗರು ಎಲ್ಲರೂ ಒಂದೇ ವೈಫೈ ಬಳಸುತ್ತಿರುತ್ತಾರೆ. ಹೆಸರು ಮಾತ್ರ ಅವನದು.

ಭಾರತದಲ್ಲಿರುವ ನಿಮಗೆ ಇದು ಇನ್ನೂ ಜಟಿಲ. ಮೊಬೈಲ್ ಜಾಲಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಒಂದೇ ಹೊತ್ತಿನಲ್ಲಿ ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ಪೋರ್ಟ್ ಸಂಖ್ಯೆ ಇಲ್ಲದ ಐಪಿ ವಿಳಾಸವೆಂದರೆ ಮನೆ ಸಂಖ್ಯೆಯಿಲ್ಲದೆ ಬೀದಿಯ ಹೆಸರನ್ನಷ್ಟೇ ಕೊಟ್ಟಂತೆ. ಪೋರ್ಟ್ ಸಂಖ್ಯೆಯನ್ನೂ ನಿಖರ ಸಮಯವನ್ನೂ ಸರ್ವರುಗಳು ಬರೆದಿಡಬೇಕೆಂದು ಇಂಟರ್‌ನೆಟ್ ತಂತ್ರಜ್ಞರ ಶಿಫಾರಸಾದ ಆರ್‌ಎಫ್‌ಸಿ 6302 ಹೇಳಿದ್ದು 2011ರಲ್ಲಿ. ಇಂದಿಗೂ ನಮ್ಮ ಮೇಜಿಗೆ ಬರುವ ಕಾಗದಗಳಲ್ಲಿ ಅದು ಅಪರೂಪ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಹ್ಯಾಶ್ ಮೌಲ್ಯವಿರುವ ಪ್ರಮಾಣಪತ್ರ ಕೊಡಬೇಕು. ಒಳ್ಳೆಯದೇ. ಆದರೆ ಆ ಹ್ಯಾಶ್ ಹೇಳುವುದು ತೆಗೆದ ಮೇಲೆ ಲಾಗ್ ಬದಲಾಗಿಲ್ಲ ಎಂಬುದನ್ನು ಮಾತ್ರ. ನಮ್ಮ ಹಳೆಯ ಯಂತ್ರದ ಆ ಮಾರ್ಚ್ ತಿಂಗಳ ಲಾಗ್‌ಗೂ ಹ್ಯಾಶ್ ತೆಗೆದಿದ್ದರೆ ಅದು ಅಚ್ಚುಕಟ್ಟಾಗಿ ಹೊಂದುತ್ತಿತ್ತು, ಒಂದು ಗಂಟೆಯ ತಪ್ಪಿನ ಸಮೇತ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಕಾನೂನು ಮೀರಿ ಎನ್ನುವುದಿಲ್ಲ, ನ್ಯಾಯಾಲಯದ ಆದೇಶವನ್ನು ಮೂಲೆಗೆ ಹಾಕಿ ಎನ್ನುವುದಿಲ್ಲ. ಹೆಸರು ಬರೆಯುವ ಮುನ್ನ ಕೇಳಿದವರ ಸಮಯ ಯಾವ ಕಾಲವಲಯದ್ದೆಂದು ಕೇಳಿ; ಬರೆದಿಲ್ಲವಾದರೆ ಹಿಂದಕ್ಕೆ ಕಳುಹಿಸಿ. ನಿಮ್ಮ ಯಂತ್ರದ ಗಡಿಯಾರವನ್ನು ಬೇರೊಂದು ಯಂತ್ರದೊಂದಿಗೆ ಅದೇ ದಿನಕ್ಕೆ ಹೋಲಿಸಿ ನೋಡಿ, ಇವತ್ತಿನ ದಿನಕ್ಕಲ್ಲ. ಲೀಸ್ ಬದಲಾದ ಹೊತ್ತು ಹತ್ತಿರದಲ್ಲಿದ್ದರೆ ಹಿಂದಿನವರು, ಮುಂದಿನವರು ಇದ್ದರೆಂಬುದನ್ನು ಉತ್ತರದಲ್ಲಿ ಹೇಳಿ. 'ಬಳಕೆದಾರ' ಎಂದು ಬರೆಯಬೇಡಿ, 'ಚಂದಾದಾರ' ಎಂದು ಬರೆಯಿರಿ. ನಮಗೆ ಗೊತ್ತಿರುವುದು ಬಿಲ್ ಯಾರ ಹೆಸರಿಗೆ ಹೋಗುತ್ತದೆ ಎಂಬುದು ಮಾತ್ರ. ಮತ್ತು ಆರೆಗಾನ್‌ನ ಆ ಅಧಿಕಾರಿಯಂತೆ, ನಿಮ್ಮ ಲಾಗ್ ಏನನ್ನು ಹೇಳಲಾರದು ಎಂಬುದನ್ನು ಒಂದು ಸಾಲಿನಲ್ಲಾದರೂ ಬರೆದು ಸಹಿ ಹಾಕಿ. ಮೇಲಧಿಕಾರಿ ಆ ಸಾಲನ್ನು ತೆಗೆಯಿರಿ ಎಂದರೆ, ತೆಗೆಯಬೇಕೆಂಬ ಮಾತನ್ನು ಬರೆದು ಕೊಡಿ ಎಂದು ಕೇಳಿ. ನಾನು ಕೆಲಸ ಮಾಡಿದ ಮೂರು ಕಡೆ ಹೀಗೆ ಕೇಳಿದ್ದೇನೆ. ಒಬ್ಬರೂ ಬರೆದುಕೊಡಲಿಲ್ಲ, ಸಾಲು ಉಳಿಯಿತು.

ಈ ಸಾಲನ್ನು ಸೇರಿಸಿದ ಉತ್ತರದ ನಮೂನೆ ನನ್ನಲ್ಲಿದೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕೇಳಿದವರಿಗೆ ಕಳುಹಿಸುತ್ತೇನೆ. ಕನ್ನಡದ ನಮೂನೆಯ ಮೊದಲ ವಾಕ್ಯ, ಹದಿನೆಂಟು ವರ್ಷಕ್ಕೂ ಹಿಂದೆ ದಾವಣಗೆರೆಯ ಒಬ್ಬ ತಂದೆಗೆಂದು ನಾನು ಬರೆದುಕೊಟ್ಟ ಕಾಗದದ್ದೇ: "ಆ ಸಮಯದಲ್ಲಿ ಆ ಕಂಪ್ಯೂಟರನ್ನು ಯಾರು ಬಳಸುತ್ತಿದ್ದರೆಂದು ನಮ್ಮ ದಾಖಲೆಗಳಿಂದ ಹೇಳಲು ಬರುವುದಿಲ್ಲ."

ಇಂತಿ ನಿಮ್ಮವ,
ಒಬ್ಬ ನೆಟ್‌ವರ್ಕ್ ಎಂಜಿನಿಯರ್